ಮಹಾನಂದಾ ಅಜ್ಜಿಯ ಪಾಲಿನ ಟೇಪು

ಫೆಬ್ರುವರಿ ೩೦, ೨೧೧೪
ಸುರುಳಿಮನೆ, ಕಪ್ಪತಗುಡ್ಡ

ಪೂಜ್ಯ ಮಹಾನಂದಾ ಅಜ್ಜಿಯವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಾನು ನಿಮ್ಮ ಮೊಮ್ಮಗಳ ಮೊಮ್ಮಗಳು. ನೀವು ಸತ್ತು ಎಷ್ಟೋ ಕಾಲವಾಯಿತು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇದೊಂದಕ್ಕೇ ಕ್ಷಮೆ; ಮುಂದಿನದಕ್ಕೆಲ್ಲ ಕೇಳುವುದಿಲ್ಲ.

ನಿಮ್ಮ ಹಾರ್ಡ್ ಡಿಸ್ಕಿಗೆ ನಾವು ಬಿಲ್ಲೆ ಅನ್ನುತ್ತೇವೆ. ಬಿಲ್ಲೆಯಲ್ಲಿದ್ದದ್ದನ್ನು ಟೇಪಿಗೆ ಇಳಿಸುವ ಜಾಗವೇ ಸುರುಳಿಮನೆ. ಹೊಸ ಬಿಲ್ಲೆ ಮಾಡುವವರು ಈಗ ಯಾರೂ ಇಲ್ಲ, ಇದ್ದವು ಒಂದೊಂದಾಗಿ ಸಾಯುತ್ತಿವೆ. ಟೇಪು ಮಾತ್ರ ತಾಳುತ್ತದೆ, ಅದೂ ಮನೆಗೊಂದೇ. ಗುಡ್ಡದ ಮೇಲಿನ ಗಾಳಿಯಂತ್ರ ತಿರುಗಿದಾಗ ಇಳಿಸುತ್ತಾರೆ. ಟೇಪನ್ನು ಗವಿಯಲ್ಲಿಟ್ಟು ಬಿಲ್ಲೆಯನ್ನು ಕರಗಿಸಿ ಪಾತ್ರೆಪಗಡ ಮಾಡುತ್ತಾರೆ. ಗಾಳಿ ನಿಂತಿರುವುದರಿಂದ ಜನ ಹೊರಗಿನ ಕಟ್ಟೆಯ ಮೇಲೆ ಬಿಲ್ಲೆಯನ್ನು ಮಡಿಲಲ್ಲಿಟ್ಟುಕೊಂಡು, ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ಕೂತಿದ್ದಾರೆ. ಬಾಗಿಲಲ್ಲಿ ಪರೀಕ್ಷಿಸಿದಾಗ ಯಾರ ಬಿಲ್ಲೆ ತಿರುಗುವುದಿಲ್ಲವೋ ಅವರು ಎದ್ದು ಮನೆಗೆ ಹೋಗುತ್ತಾರೆ. ಉಳಿದವರು ಖುಷಿಯಿಂದಲೇ ಮುಂದಕ್ಕೆ ಸರಿಯುತ್ತಾರೆ.

ಇಲ್ಲಿ ಹಿರಿಯರು ಮೊದಲು, ಊಟಕ್ಕೆ ಬಡಿಸಿದ ಹಾಗೆ. ಹಿಂದೆ ಮಕ್ಕಳು ತಮಗಾಗದ ಅಪ್ಪ ಅಮ್ಮನನ್ನೆಲ್ಲ ಅಳಿಸಿಬಿಟ್ಟರಂತೆ. ಅದಕ್ಕೇ ಅವರವರದ್ದನ್ನು ಅವರವರೇ ಅಳಿಸಬೇಕು, ಬೇರೆಯವರು ಮುಟ್ಟುವಂತಿಲ್ಲ. ನಡುವಿನ ತಲೆಮಾರಿನವರದೆಲ್ಲ ಕೆಟ್ಟ ಬಿಲ್ಲೆಗಳೊಂದಿಗೆ ಹೋಯಿತು. ಹಾಗಾಗಿ ನಮ್ಮ ಟೇಪಿನಲ್ಲಿ ಮೊದಲು ನೀವು, ಜಾಗ ಉಳಿದರೆ ನನ್ನ ಮಗಳು ಇಂಚರಾ. ಆರು ವರ್ಷಕ್ಕೇ ಜ್ವರದಲ್ಲಿ ಹೋದಳು. ಅವಳದು ಅಂತ ಇರುವುದು ಒಂದು ಪುಟ್ಟ ಧ್ವನಿಮುದ್ರಣ, ಅಷ್ಟೇ.

ಅಲ್ಲ ಅಜ್ಜಿ, ಏನೇನು ಕೂಡಿಟ್ಟಿದ್ದೀರಿ! ಬೆಳಗಾದರೆ ಗುಲಾಬಿ, ಚಹಾ ಕಪ್ಪು, ‘ಶುಭೋದಯ’. ಅದೇ ಗುಲಾಬಿ ತಂಗಿಯಿಂದ, ಅದೇ ಗುಲಾಬಿ ನಾದಿನಿಯಿಂದ. ಯಾರದೋ ಮದುವೆಯ ಊಟದ ಪಂಕ್ತಿ; ಯಾರ ಮದುವೆ ಎಂದು ನಿಮಗೂ ಗೊತ್ತಿರಲಿಕ್ಕಿಲ್ಲ. ಫೋನು ಬ್ಯಾಗಿನೊಳಗೆ ಬಿದ್ದು ತಾನೇ ತೆಗೆದ ಕಗ್ಗತ್ತಲೆಯ ವಿಡಿಯೊ, ಬಳೆ ಸದ್ದು ಬಿಟ್ಟರೆ ಏನೂ ಇಲ್ಲ. ಇದಕ್ಕೆಲ್ಲ ‘ಬ್ಯಾಕಪ್’ ಎಂದು ಹೆಸರಿಟ್ಟಿರಿ. ಹೋಗಿಬಿಟ್ಟರೆ ಗತಿಯೇನು ಎಂದು ಹೆದರಿ ‘ಬ್ಯಾಕಪ್ ಹೊಸದು’ ಮಾಡಿದಿರಿ. ಆಮೇಲೆ ಎರಡನ್ನೂ ಒಳಗೆ ತುರುಕಿ ‘ಬ್ಯಾಕಪ್ ಹೊಸದು ಹೊಸದು’. ನಿಮ್ಮ ಮುಖ ಮಾತ್ರ ಎಲ್ಲೂ ನೆಟ್ಟಗೆ ಕಾಣುವುದಿಲ್ಲ. ನಿಮ್ಮನ್ನು ನೆನೆದು ಅಳುವವರು ಭೂಮಿಯ ಮೇಲೆ ಒಬ್ಬರೂ ಇಲ್ಲ, ನಾನೂ ಅಳುವುದಿಲ್ಲ. ಆದರೂ ನಿಮ್ಮ ಗುಲಾಬಿಗಳೆಲ್ಲ ಗವಿ ಸೇರುತ್ತವೆ. ಹೊಟ್ಟೆ ಉರಿಯುತ್ತದೆ ನನಗೆ.

ಗುಮಾಸ್ತ ಬಾಪುಗೌಡನಿಗೆ ಕೈ ಮುಗಿದೆ. “ನಂದೇನೈತ್ರಿ ಅಕ್ಕಾರ, ಅಜ್ಜಿ ಹೂಂ ಅಂದ್ರ ಅಳಸ್ತೀನಿ. ಅವರಿಗೇ ಬರೀರಿ” ಅಂದ. ತಮಾಷೆಯಲ್ಲ. ಇಲ್ಲಿ ಸತ್ತವರಿಗೂ ಅರ್ಜಿ ಹಾಕಬೇಕು, ಗಾಳಿ ಏಳುವವರೆಗೆ ಉತ್ತರಕ್ಕೆ ಕಾಯಬೇಕು. ಅದಕ್ಕೇ ಬ್ಯಾಟರಿಯಲ್ಲಿ ನಡೆಯುವ ಅವನ ಪುಟ್ಟ ಯಂತ್ರದ ಮುಂದೆ ಕೂತು ಬರೆಯುತ್ತಿದ್ದೇನೆ. ಇದು ಹೇಗಾದರೂ ನಿಮ್ಮ ಕೈ ಸೇರಿದರೆ, ನಿಮ್ಮ ಕಾಲದಲ್ಲೇ, ನಿಮ್ಮ ಹೆಬ್ಬೆರಳಿನಿಂದಲೇ ಆ ಕತ್ತಲೆಯ ವಿಡಿಯೊ ಒಂದನ್ನು ಅಳಿಸಿ. ಅಷ್ಟು ಸಾಕು, ನನ್ನ ಕೂಸು ಪೂರ್ತಿ ಹಿಡಿಸುತ್ತದೆ.

ಇಷ್ಟು ಬರೆಯುವಷ್ಟರಲ್ಲಿ ಬಾಪುಗೌಡ ಹಿಂದೆ ಬಂದು ನಿಂತ. “ಅಯ್ಯ, ಎಷ್ಟ್ ಬರದೀರಿ ಅಕ್ಕಾರ! ಇದೂ ಟೇಪಿಗೆ ಹೋಗ್ತೈತ್ರಿ. ಅಜ್ಜಿಗೆ ಬರದದ್ದು ಅಜ್ಜೀದ ಆತು. ಅವರ ಪಾಲಿನಾಗ, ಹುಡುಗಿಕಿಂತ ಮೊದಲ.”

ಹಾಗಾದರೆ ಈ ಪತ್ರ ಅಳಿಸು ಎಂದೆ.

“ಅದಕ್ಕ ಅಜ್ಜಿ ಹೂಂ ಅನ್ನಬೇಕ್ರಿ” ಎಂದ.

ನನ್ನ ಬಾಯಿಗೆ ಬೆಂಕಿ ಬೀಳಲಿ. ನಿಮ್ಮನ್ನು ಬೈದ ಒಂದೊಂದು ಮಾತಿಗೂ ನನ್ನ ಮಗಳ ಜಾಗ ಹೋಯಿತು. ಆ ಧ್ವನಿಯಲ್ಲಿ ಅವಳು ಮೊದಲು ಕೋಳಿಯನ್ನು ಗದರಿಸುತ್ತಾಳೆ, ಕಿಲಕಿಲ ನಗುತ್ತಾಳೆ, ಆಮೇಲೆ ಮಾಳಿಗೆಯಿಂದ ನನ್ನನ್ನು ಕೂಗುತ್ತಾಳೆ: “ಅವ್ವಾ, ಮ್ಯಾಲ ಬಾ.” ಅದರ ಮುಂದಿನ ಹಾಡಿಗೆ ಮೊದಲೇ ಜಾಗವಿರಲಿಲ್ಲ. ಬಾಪುಗೌಡ ಲೆಕ್ಕ ಹಾಕಿ ನೋಡಿದ. “ಅವ್ವಾ” ಅನ್ನುವವರೆಗೆ ಹಿಡಿಸುತ್ತದಂತೆ. “ಮ್ಯಾಲ ಬಾ” ಅನ್ನುವುದನ್ನು ಗುಲಾಬಿಗಳನ್ನು ಬೈದು ಬೈದು ನಾನೇ ತಿಂದುಹಾಕಿದ್ದೇನೆ.

ಮೇಲೆ ಗಾಳಿಯಂತ್ರ ಕಿರುಗುಟ್ಟುತ್ತಿದೆ. ನಿಲ್ಲಿಸುತ್ತೇನೆ ಅಜ್ಜಿ. ಇನ್ನೊಂದು ಸಾಲು ಬರೆದರೆ “ಅವ್ವಾ” ಕೂಡ ಹೋಗುತ್ತದೆ. ಸಹಿ ಹಾಕುವುದಿಲ್ಲ.