ಹೊಳೆಬದಿಯ ಪಾಲು

ಮಾರ್ಚ್ ೩, ಮಂಗಳವಾರ. ಮುನಿರ್ಕಾ
ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ — ಇವತ್ತು ಅನುವಾದದಲ್ಲಿ ಒಂದು ಸಾಲು ಹಾರಿಸಿದೆ. ವರ್ಜೀನಿಯಾದ ತಂಬಾಕು ತೋಟದ ಒಡತಿ ಸೂಸನ್ ೧೭೯೨ರಲ್ಲಿ ತಮ್ಮನಿಗೆ ಬರೆದ ಪತ್ರ. "ಅಪ್ಪನ ನೆಲದಲ್ಲಿ ಅರ್ಧ ನನ್ನದು. ಹೊಳೆಬದಿಯ ಪಾಲು ಬಿಡಲಾರೆ." ಎಂಥ ಹೆಂಗಸು! ಮುಂದಿನ ಸಾಲು: "ಹ್ಯಾನಾ, ಅವಳ ಮಕ್ಕಳಿಬ್ಬರೂ ನನಗೇ ಸೇರಬೇಕು." ಗುಲಾಮರು. ಆ ಸಾಲಿಲ್ಲದಿದ್ದರೆ ಸೂಸನ್ ಚೆನ್ನಾಗಿ ಕಾಣುತ್ತಾಳೆ. ನಾನೂ.
ಸಂಜೆ ನಾಚಿಕೆಯಾಗಿ ವಾಪಸ್ ಸೇರಿಸಿದೆ.

ಮಾರ್ಚ್ ೭, ಶನಿವಾರ
ದಾವಣಗೆರೆಯಿಂದ ಕೊರಿಯರ್. ತಮ್ಮ ಸುದರ್ಶನ್ ಕಳಿಸಿದ್ದು. ರೇಷ್ಮೆ ಸೀರೆ, ಅರಿಶಿನ-ಕುಂಕುಮ, ಸೀರೆಯ ಮಡಿಕೆಯೊಳಗೆ ಹಕ್ಕು ಬಿಡುಗಡೆ ಪತ್ರ. ಸಹಿಯ ಜಾಗಕ್ಕೆ ಪೆನ್ಸಿಲ್ ಗುರುತು ಬೇರೆ. ಅಪ್ಪನ ಸೈಟು ಪೂರ್ತಿ ಅವನಿಗೆ. ನಮ್ಮಲ್ಲಿ ಹೆಣ್ಣುಮಕ್ಕಳು ಹೀಗೇ ಸಹಿ ಹಾಕುವುದು.
ಅರ್ಧ ಬೇಕೆನಿಸುತ್ತದೆ. ದುರಾಸೆಯೇ? ಸೀರೆಯ ಬಣ್ಣ ಬಹಳ ಚೆನ್ನಾಗಿದೆ... ಅದೇ ತೊಂದರೆ.
ಮಗಳು ಅದಿತಿ: "ಮಮ್ಮಾ, ಮಾಮಾಗೆ ಸೀದಾ ಬೋಲ್ ದೋ ನಾ!" ನೇರವಾಗಿ ಹೇಳಿಬಿಡು ಅಂತ, ಅವಳ ಹಿಂದಿಯಲ್ಲಿ. ಹದಿನಾರಕ್ಕೆ ಎಲ್ಲವೂ ಸೀದಾ.
"ನಿನಗೆ ಸರಿ ಕಂಡಂತೆ ಮಾಡಪ್ಪಾ" ಎಂದು ಪತ್ರ ಟೈಪ್ ಮಾಡಿದೆ. 'ತಮ್ಮನಿಗೆ' ಎಂದು ಫೈಲಿಗೆ ಹೆಸರಿಟ್ಟು ವಾಟ್ಸಾಪ್ ಮಾಡಿದೆ.

ಮಾರ್ಚ್ ೮, ಭಾನುವಾರ, ಬೆಳಿಗ್ಗೆ ೮
ತಪ್ಪು ಫೈಲ್. ಅನುವಾದಕ್ಕೂ ಅದೇ ಹೆಸರಿಟ್ಟಿದ್ದೆ. ಹೋಗಿದ್ದು ಸೂಸನ್ ಪತ್ರ.
ಸುದರ್ಶನ್ ಫೋನ್. "ಅಕ್ಕಾ, ಹೊಳೆ ಎಲ್ಲಿದೆ? ಸೈಟ್ ಪಕ್ಕ ಇರೋದು ಚರಂಡಿ!"
"ಅದು—"
"ಈ ಹ್ಯಾನಾ ಯಾರು? ಮಕ್ಕಳಿಬ್ಬರು ಬೇರೆ! ವೈಜಯಂತಿ ಎದ್ದಾಗಿಂದ ನನ್ನನ್ನೇ ಕೇಳ್ತಿದಾಳೆ. ತಿಂಡೀನೂ ಕೊಟ್ಟಿಲ್ಲ!"
ಪಾಪ, ಅವನ ಹೆಂಡತಿ. ಎಲ್ಲ ಹೇಳಿದೆ. ಅಮೆರಿಕ, ಗುಲಾಮರು.
"ಮನುಷ್ಯರನ್ನ ಪಾಲು ಮಾಡ್ಕೊಳ್ತಿದ್ರಾ?" ಆಮೇಲೆ, ಹಗುರಾಗಿ: "ಹಂಗಾದ್ರೆ ನೀನು ಸೈನ್ ಮಾಡ್ತೀಯಲ್ಲ?"
ಹೂಂ ಎನ್ನಬೇಕಿತ್ತು.
"ಹೊಳೆ, ಹ್ಯಾನಾ ತಪ್ಪು. ಅರ್ಧ ಅನ್ನೋದು ಸರಿ ಕಣೋ."
ಫೋನ್ ಕಟ್.

ಮಾರ್ಚ್ ೧೪, ಶನಿವಾರ
ಆರು ದಿನ. ಫ್ಯಾಮಿಲಿ ಗ್ರೂಪಿಗೆ ಅವನ ಗುಡ್ ಮಾರ್ನಿಂಗ್ ಹೂವುಗಳೂ ಬರಲಿಲ್ಲ. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಇವತ್ತು ಒಂದೇ ಸಾಲು: "ಫೈಲ್ ಬೇಡ. ಕೈಬರಹದಲ್ಲಿ ಕಳಿಸು, ನೀನೇ ಬರೆದದ್ದು ಅಂತ ಗೊತ್ತಾಗಬೇಕು." ಸಿಟ್ಟೋ, ಒಪ್ಪಿಗೆಯೋ...
ಬರೆದೆ. "ಅರ್ಧ ನನಗೆ ಬೇಕು. ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದಿಲ್ಲ." ಮೂರು ಕಡೆ 'ಕ್ಷಮಿಸು' ಇತ್ತು, ಮೂರನ್ನೂ ಹೊಡೆದುಹಾಕಿದೆ. ಚಿತ್ತುಕಾಟು ಇರಲಿ, ಇನ್ನೊಮ್ಮೆ ಬರೆದರೆ ಧೈರ್ಯ ಕಡಿಮೆಯಾಗುತ್ತದೆ. ನಾಳೆ ಪೋಸ್ಟ್ ಆಫೀಸ್ ರಜೆ. ಸೋಮವಾರ, ಮಾರ್ಚ್ ೧೬ಕ್ಕೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ.