ಬೋರ್ಡಿನ ಮೇಲಿನ ಬಳಕೆಯ ವಾಕ್ಯ

ಮಾರ್ಚ್ 3, ಸೋಮವಾರ

ಸಮಸ್ತ ಹಾಳೆಗಳ ಒಡೆಯ, ಮೇಜಿನ ಡ್ರಾಯರಿನ ಏಕಮೇವ ಚಕ್ರವರ್ತಿ, ನೂರಾತೊಂಬತ್ತೆರಡು ಪುಟಗಳ ದಿನಚರಿ ಮಹಾಪ್ರಭುಗಳ ಪಾದಾರವಿಂದಗಳಿಗೆ ಕಾಲ್ ಸೆಂಟರಿನ ಬಡ ಟ್ರೈನಿ ಮಾಡುವ ದೀರ್ಘದಂಡ ನಮಸ್ಕಾರಗಳು.

ನಿತ್ಯವಿಧಿ: ಒಂಬತ್ತರೊಳಗೆ ಟ್ರೈನಿಗಳಲ್ಲೊಬ್ಬರು ಬೋರ್ಡಿನ ಮೇಲೆ ಒಂದು ಇಂಗ್ಲಿಷ್ ಇಡಿಯಂ ಬರೆಯಬೇಕು. ಕೆಳಗೆ ಅರ್ಥ, ಬಳಕೆಯ ವಾಕ್ಯ. ಇವತ್ತು ಅಕ್ಕನ ಸರದಿ. ಒಡಹುಟ್ಟಿದವಳಲ್ಲ, ಪಕ್ಕದ ಸೀಟಿನವಳು. ಇಬ್ಬರು ಮಕ್ಕಳ ತಾಯಿ, ಹತ್ತು ವರ್ಷ ಬಿಟ್ಟು ಮತ್ತೆ ಕೆಲಸಕ್ಕೆ ಬಂದವಳು. ಬರೆದಳು: ಬೀಟ್ ಅರೌಂಡ್ ದ ಬುಷ್ — ವಿಷಯಕ್ಕೆ ಬಾರದೆ ಸುತ್ತಿ ಬಳಸಿ ಮಾತಾಡುವುದು. ವಾಕ್ಯ ಹೊಳೆಯಲಿಲ್ಲ. ನೀರು ಕುಡಿಯಲು ಹೋದಳು.

ನನಗೆ ಹೊಳೆಯಿತು. ಬರೆದೇಬಿಟ್ಟೆ. ಕನ್ನಡ ತಾತ್ಪರ್ಯ: 'ನಮ್ಮ ಟ್ರೈನರ್ ಒಂಬತ್ತಕ್ಕೆ ಸುತ್ತಿ ಬಳಸಲು ಶುರುಮಾಡಿದರೆ ಪಾಠಕ್ಕೆ ಬರುವುದು ಹನ್ನೊಂದಕ್ಕೆ.'

ಟ್ರೈನರ್ — ಇಪ್ಪತ್ತು ಜನರ ಹಾಲಿಗೂ ಮೈಕ್ ಹಿಡಿಯುವ ನಮ್ಮ ಮೈಕಾಸುರ — ಓದಿದ. ಮೈಕ್ ಎತ್ತಿದ.

"ಯಾರದಮ್ಮ ಇವತ್ತು ಸರದಿ?"

"ನಂದೇ ಸರ್."

"ಓಹೋ! ಭಾರಿ ಧೈರ್ಯ!"

ಅಕ್ಕ ನನ್ನ ಬೆರಳಿನ ಮಾರ್ಕರ್ ಕಲೆ ನೋಡಿದಳು. ನನ್ನ ಹೆಸರು ಹೇಳಲಿಲ್ಲ.

ಮಾರ್ಚ್ 4

ತೀರ್ಪು ಬಂತು: ವಾಕ್ಯದ ಕೈಬರಹ ಅಕ್ಕನದಲ್ಲವೆಂದು ಮೈಕಾಸುರ ಕಂಡುಹಿಡಿದಿದ್ದಾನೆ. ಶುಕ್ರವಾರದೊಳಗೆ ಬರೆದವರು ಒಪ್ಪಿಕೊಳ್ಳಬೇಕು. ಇಲ್ಲವಾದರೆ ಅಕ್ಕನ ಕೆಲಸ ಖಾಯಂ ಆಗದು.

"ನನ್ನ ಹೆಸರು ಹೇಳ್ಬಿಡು ಅಕ್ಕಾ."

"ನಾನ್ಯಾಕೋ ಹೇಳ್ಲಿ? ಬೋರ್ಡ್ ಮುಂದೆ ಅಷ್ಟು ಉದ್ದ ಇತ್ತಲ್ಲ ನಾಲಿಗೆ, ಈಗೆಲ್ಲಿ ಹೋಯ್ತು?"

"ಹೇಳ್ತೀನಿ. ಕ್ಷಮೆ ಮಾತ್ರ ಕೇಳಲ್ಲ. ವಾಕ್ಯದಲ್ಲಿ ತಪ್ಪೇನಿದೆ? ಉದಾಹರಣೆ ದಿನಾ ಕಣ್ಣೆದುರಿಗೇ ಮೈಕ್ ಹಿಡ್ಕೊಂಡು ನಿಂತಿರುತ್ತೆ!"

ನಕ್ಕಳು. ಆಮೇಲೆ ತಲೆ ತಗ್ಗಿಸಿ, "ನಂಗೆ ಈ ಕೆಲ್ಸ ಬೇಕು ಮಾರಾಯ" ಅಂದಳು.

ಮಾರ್ಚ್ 6

ಒಪ್ಪಿಕೊಳ್ಳಲು ಟ್ರೈನರ್ ಬಳಿ ಹೋಗಬೇಕೆಂದಿದ್ದೆ. ಹೊಟ್ಟೆನೋವು. ಮಹಾವೀರರಿಗೂ ಬರುತ್ತದೆ.

ಮಾರ್ಚ್ 7, ಶುಕ್ರವಾರ, ಸಂಜೆ 5.30

ಪ್ರಭುಗಳೇ, ಗೆದ್ದೆ! ಎದೆಯುಬ್ಬಿಸಿ ಗುಡುಗಿದೆ — ವಾಕ್ಯ ನನ್ನದು! ವ್ಯಾಕರಣ ಶುದ್ಧ, ಅರ್ಥ ಶುದ್ಧ! ಒಂದಕ್ಷರ ಹಿಂತೆಗೆಯಲಾರೆ! ಬೇಕಾದರೆ ನನ್ನನ್ನು ಕಳಿಸಿ, ಅಕ್ಕನ ತಂಟೆಗೆ ಬರಬೇಡಿ!

ಅಕ್ಕನ ಕೆಲಸ ಉಳಿಯಿತು. ನನ್ನದು ಸೋಮವಾರ ಗೊತ್ತಾಗುತ್ತದೆ. ಆಗಲಿ! ತಲೆಯಂತೂ ಬಾಗಿಲ್ಲ.

6.15

ಒಂದು ಸಣ್ಣ ತಿದ್ದುಪಡಿ. ಗುಡುಗಿದ್ದು ಲಿಫ್ಟಿನ ಕನ್ನಡಿಯ ಮುಂದೆ. ಎರಡು ಸಲ. ಒಳಗೆ ಹೋಗಿ ಹೇಳಿದ್ದು ಮೂರೇ ಪದ — "ನಾನೇ ಸರ್. ಸಾರಿ." ಅಳು ಬಂತು. ಮೈಕಾಸುರರೇ ಟಿಶ್ಯೂ ಕೊಟ್ಟರು.

ಹೊರಗೆ ಕಾಯುತ್ತಿದ್ದ ಅಕ್ಕ, "ಕ್ಷಮೆ ಕೇಳಿಲ್ಲ ತಾನೆ?" ಅಂದಳು. ನಾನು ಸುತ್ತಿ ಬಳಸಲು ಶುರುಮಾಡಿದೆ.