ಅನ್ನವ್ವನಿಗೆ ಹೇಳಿದ ಕಥೆ

ಹಾನಗಲ್,
ಡಿಸೆಂಬರ್ ೨೬

ಪ್ರೀತಿಯ ಅಮ್ಮ,

ನಿನ್ನೆ ಇಲ್ಲಿಗೆ ಸಮೀಪದ ಆಡೂರಿಗೆ ಹೋಗಿ, ಅನ್ನವ್ವ ಎಂಬ ಹಿರಿಯರ ಪಡಸಾಲೆಯಲ್ಲಿ ಯೇಸು ಹುಟ್ಟಿದ ಕಥೆ ಹೇಳಿದೆ. ತುಂಬು ಬಸುರಿ ಮರಿಯಳಿಗೆ ಯಾರೂ ತಂಗಲು ಜಾಗ ಕೊಡಲಿಲ್ಲ ಎಂದಾಗ ಅವರು ಒಪ್ಪಲೇ ಇಲ್ಲ.

“ಹಂಗ ಹೇಳಬ್ಯಾಡ್ರಿ ಅಕ್ಕಾರ. ಯಾರರ ಒಬ್ರು ಒಳಗ ಕರದ್ರು ಅನ್ರಿ,” ಎಂದರು.

ಹಾಗೆಂದಿದ್ದರೆ ಎಲ್ಲರಿಗೂ ಹಿತವಾಗುತ್ತಿತ್ತು. ಆದರೆ ಕಥೆ ನನ್ನದಲ್ಲವಲ್ಲ. “ಯಾರೂ ಕರೆಯಲಿಲ್ಲ, ಅನ್ನವ್ವ,” ಎಂದೆ.

ಅವರು ನನ್ನತ್ತ ತಿರುಗಿ, “ನೀವೆಲ್ಲಿ ಇರ್ತೀರಿ?” ಎಂದು ಕೇಳಿದರು.

ಬಾಡಿಗೆ ಮನೆ ಸಿಗದೆ ಚರ್ಚಿನ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದೇನೆಂದು ನಿನಗೂ ತಿಳಿಸಿರಲಿಲ್ಲ. ಅವರಿಗೆ ಹೇಳಿಬಿಟ್ಟೆ.

“ನಮ್ಮ ಮನಿಗೆ ಬರ್ರಿ,” ಎಂದರು. ಒಳಗಿನಿಂದ ಮಗ “ಯವ್ವಾ!” ಎಂದು ಗದರಿದ. ಅನ್ನವ್ವ ತಲೆ ತಗ್ಗಿಸಿದರು.

ಇಲ್ಲಿ ಚಳಿ ಹೆಚ್ಚಾಗಿದೆ. ದಪ್ಪನೆಯ ಕಂಬಳಿಯೊಂದನ್ನು ಕಳುಹಿಸು. ವಿಳಾಸ ಚರ್ಚಿನದೇ ಇರಲಿ.

ನಿನ್ನ ಮಗಳು,
ಎಸ್ತೇರ್